ಐದು ಗಂಟೆಯ ಹೆಸರುಗಳು

ಸತ್ತು ಇಪ್ಪತ್ತಾರು ದಿನ ಕಳೆದಿದ್ದ ಮನುಷ್ಯನ ಆರೋಗ್ಯಕ್ಕಾಗಿ ದಯಾಮಣಿ ಕುಣಿಗಲಿನಲ್ಲಿ ಕಣ್ಣುಮುಚ್ಚಿ ಏಳು ನಿಮಿಷ ಪ್ರಾರ್ಥನೆ ಮಾಡಿದಳು. ಅದೂ ಎಂಥ ಪ್ರಾರ್ಥನೆ! "ಕರ್ತನೇ, ಹಾಸಿಗೆ ಹಿಡಿದಿರುವ ನಿನ್ನ ಮಗ ಸದಾಶಿವಯ್ಯನನ್ನು ಮುಟ್ಟು. ಅವನನ್ನು ಎಬ್ಬಿಸು. ಬರುವ ಭಾನುವಾರ ಅವನು ತನ್ನ ಕಾಲ ಮೇಲೆ ತಾನೇ ನಡೆದು ನಿನ್ನ ಆಲಯಕ್ಕೆ ಬರಲಿ," ಎಂದು ದನಿ ಏರಿಸಿ, ಇಳಿಸಿ, ಗದ್ಗದವಾಗಬೇಕಾದ ಕಡೆ ಗದ್ಗದವಾಗಿ ಬೇಡಿಕೊಂಡಳು. ಆ ಸದಾಶಿವಯ್ಯನ ಮಣ್ಣಿಗೆ ಅವಳೇ ಹೋಗಿದ್ದಳು. ಪೆಟ್ಟಿಗೆಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಮನೆಗೆ ಬಂದು ಸೊಸೆಯಂದಿರಿಗೆ ಸಮಾಧಾನ ಹೇಳಿ, ಊಟವನ್ನೂ ಮಾಡಿಕೊಂಡೇ ಬಸ್ಸು ಹತ್ತಿದ್ದಳು.

"ಆಮೆನ್," ಎಂದು ಅವನ ಹೆಂಡತಿ ಮಂಜುಳಮ್ಮ ಮೆಲ್ಲಗೆ ಹೇಳಿದಳು. ದಯಾಮಣಿ ಕಣ್ಣುಬಿಟ್ಟಳು. ಎದುರಿನ ಗೋಡೆಯ ಮೇಲೆ ಸದಾಶಿವಯ್ಯ ಫೋಟೋದಲ್ಲಿದ್ದ, ಪ್ಲಾಸ್ಟಿಕ್ ಮಲ್ಲಿಗೆ ಹಾರ ಹಾಕಿಸಿಕೊಂಡು, ಕೆಳಗೊಂದು ಸಣ್ಣ ಕೆಂಪು ಬಲ್ಬು ಹತ್ತಿಸಿಕೊಂಡು.

"ಅಯ್ಯೋ ಮಂಜುಳಮ್ಮ, ನಾನು ಏನಂದ್ಬಿಟ್ಟೆ..."

"ಪರ್ವಾಗಿಲ್ಲ ಬುಡಿ ಬೈಬಲಮ್ಮ," ಎಂದಳು ಮಂಜುಳಮ್ಮ. "ನಂಗೂ ಒಂದೊಂದ್ ಸಲ ಒಳಗೆ ಮಲಗವ್ರೆ ಅಂತ್ಲೇ ಅನ್ಸುತ್ತೆ. ಬೆಳಗ್ಗೆ ಎದ್ದು ಕಾಫಿಗೆ ಎರಡು ಲೋಟ ಇಟ್ಬುಡ್ತೀನಿ. ಕುಂತ್ಕಳಿ, ಕಾಫಿ ತತ್ತೀನಿ."

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಬಾಗಿಲಿಗೆ ಬಂದು ನಾಲ್ಕು ಜನ ಸೇರುವಂತೆ ಉಗಿದಿದ್ದರೂ ಸರಿಯಿತ್ತು. ಆ ಪುಣ್ಯಾತ್ಗಿತ್ತಿ ಕಾಫಿ ಕೊಟ್ಟಳು, ಜೊತೆಗೆ ಎರಡು ಕೋಡುಬಳೆ ಕೊಟ್ಟಳು. ದಯಾಮಣಿ ಅವನ್ನು ತಿನ್ನಲೂ ಆಗದೆ ಬಿಡಲೂ ಆಗದೆ ಕೈಯಲ್ಲಿ ಹಿಡಿದುಕೊಂಡು ಕೂತಳು. ಪ್ರಾರ್ಥನೆ ಮಾಡುವಾಗ ತನ್ನ ತಲೆಯಲ್ಲಿ ಏನಿತ್ತು ಎಂದು ಯೋಚಿಸಿದಳು. ಹೆಬ್ಬೂರಿನ ಮೇಲೆ ಹೋಗುವ ಮೂರು ಮುಕ್ಕಾಲರ ಬಸ್ಸು ಇತ್ತು, ಅದರಲ್ಲಿ ಸೀಟು ಸಿಗುತ್ತದೋ ಇಲ್ಲವೋ ಎಂಬುದಿತ್ತು. ಸದಾಶಿವಯ್ಯ ಇರಲಿಲ್ಲ, ದೇವರೂ ಇರಲಿಲ್ಲ.

ಬೈಬಲಮ್ಮ ಅಂದರೆ ಚರ್ಚಿನ ಕೆಲಸಗಳಲ್ಲಿ ಒಂದು. ಬಿಳಿ ದೊರೆಸಾನಿಗಳ ಕಾಲದಿಂದ ನಡೆದು ಬಂದದ್ದು. ಸಭಾಪಾಲಕರು ಪೀಠದ ಮೇಲೆ ನಿಂತು ಬೋಧನೆ ಮಾಡಿದರೆ, ಬೈಬಲಮ್ಮ ಮನೆಮನೆಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂರಬೇಕು. ಹೆಂಗಸರ ಕಷ್ಟ ಕೇಳಬೇಕು, ಒಂದು ವಾಕ್ಯ ಓದಬೇಕು, ಪ್ರಾರ್ಥನೆ ಮಾಡಬೇಕು. ದಯಾಮಣಿ ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಈಗ ಅವಳಿಗೆ ಐವತ್ತೆಂಟು. ಸೋಮವಾರ, ಬುಧವಾರ ತುಮಕೂರು; ಮಂಗಳವಾರ ಗುಬ್ಬಿ; ಗುರುವಾರ ಕುಣಿಗಲು. ಮೊದಲು ಕೈಕೆಳಗೆ ಇನ್ನಿಬ್ಬರಿದ್ದರು. ಒಬ್ಬಳು ನಿವೃತ್ತಳಾದಳು, ಇನ್ನೊಬ್ಬಳು ತೀರಿಕೊಂಡಳು, ಆ ಜಾಗಗಳಿಗೆ ಯಾರೂ ಬರಲಿಲ್ಲ. ಮೂರು ಊರಿನ ಮೆಟ್ಟಿಲುಗಳೆಲ್ಲ ಇವಳ ಮಂಡಿಗೇ ಬಂದವು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲಂತೂ ಆಧಾರ್ ಕಾರ್ಡು ಹಿಡಿದುಕೊಂಡು ನಿಂತೇ ಪ್ರಯಾಣ ಮಾಡುವುದು ಅಭ್ಯಾಸವಾಗಿಹೋಗಿತ್ತು.

ಮನೆಗಳಲ್ಲಿ ಮಾಡುವ ಪ್ರಾರ್ಥನೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಅದಲ್ಲ ಅವಳ ನಿಜವಾದ ಕೆಲಸ. ನಿಜವಾದ ಕೆಲಸ ಬೆಳಗಿನ ಜಾವ ಐದು ಗಂಟೆಯದು. ಹೋದ ಮನೆಯಲ್ಲೆಲ್ಲ "ಏನಂತ ಕೇಳ್ಬೇಕಮ್ಮ ದೇವರ ಹತ್ರ?" ಎಂದು ವಿಚಾರಿಸಿ ಹೆಸರನ್ನೂ ವಿಷಯವನ್ನೂ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ತುಮಕೂರಿನ ಬಟವಾಡಿಯ ತನ್ನ ಬಾಡಿಗೆ ಕೋಣೆಯಲ್ಲಿ ಐದಕ್ಕೆ ಎದ್ದು, ಚಾಪೆಯ ಮೇಲೆ ಮಂಡಿಯೂರಿ, ಒಂದೊಂದೇ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ನೂರೆಂಬತ್ತು, ಇನ್ನೂರು ಹೆಸರು. ಮೂರು ಊರಿನ ಸಭೆಯವರಿಗೂ ಇದು ಗೊತ್ತು. ಮಕ್ಕಳ ಪರೀಕ್ಷೆ ಬಂತೆಂದರೆ, ಗಂಡ ಕುಡಿಯುವುದು ಜಾಸ್ತಿಯಾಯಿತೆಂದರೆ, "ಬೈಬಲಮ್ಮನ ಬುಕ್ಕಲ್ಲಿ ಬರೆಸಿದೀನಿ ಬಿಡು," ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಿದ್ದರು.

ಆ ಐದು ಗಂಟೆ ನಿಂತುಹೋಗಿ ಎಂಟು ತಿಂಗಳಾಗಿತ್ತು. ಯಾರಿಗೂ ಗೊತ್ತಿರಲಿಲ್ಲ.

ಆಷಾಢದಲ್ಲಿ ಒಂದು ದಿನ ಮಂಡಿ ಎತ್ತಿಡಲಾಗದೆ ಹಾಗೇ ಮಲಗಿದಳು. ನಾಳೆ ಎರಡು ದಿನದ್ದು ಒಟ್ಟಿಗೆ ಮಾಡಿದರಾಯಿತು ಅಂದುಕೊಂಡಳು. ನಾಳೆಯೂ ಏಳಲಿಲ್ಲ. ವಾರವಾಯಿತು. ಒಗೆಯದ ಬಟ್ಟೆ ಮೂಲೆಯಲ್ಲಿ ಗುಡ್ಡೆ ಬಿದ್ದರೆ ಆ ಕಡೆ ನೋಡುವುದಕ್ಕೇ ಮನಸ್ಸಾಗುವುದಿಲ್ಲವಲ್ಲ, ಹಾಗಾಯಿತು. ಯಾಕೆ ಹೀಗಾಯಿತು ಎಂದು ತನ್ನನ್ನೇ ಕೇಳಿಕೊಂಡಳು, ಕಾರಣ ಸಿಗಲಿಲ್ಲ. ದೇವರ ಮೇಲೆ ಸಿಟ್ಟಿರಲಿಲ್ಲ, ಯಾವ ಹೊಸ ದುಃಖವೂ ಬಂದಿರಲಿಲ್ಲ. ಮನೆಗಳಿಗೆ ಹೋಗುವುದನ್ನೂ ಬಿಡಲಿಲ್ಲ, ಹೆಸರು ಬರೆದುಕೊಳ್ಳುವುದನ್ನೂ ಬಿಡಲಿಲ್ಲ. ಬರೆದುಕೊಂಡದ್ದನ್ನು ತೆರೆಯುವುದನ್ನು ಮಾತ್ರ ಬಿಟ್ಟಳು. ಕೆಳಗಿನ ಮನೆಯ ಫಾತಿಮುನ್ನೀಸಾ ತಮ್ಮ ಬೆಳಗಿನ ನಮಾಜಿಗೆ ಏಳುವವರು. ಒಮ್ಮೆ ಅವರು, "ಅಕ್ಕಾ, ಐದಕ್ಕೆ ನಿಮ್ ಲೈಟು ಹತ್ತಲ್ಲ ಈಗ, ತಬಿಯತ್ ಸರಿ ಇಲ್ವಾ?" ಎಂದು ಕೇಳಿದಾಗ ದಯಾಮಣಿ ಕರೆಂಟ್ ಬಿಲ್ಲಿನ ಮೇಲೆ ಹಾಕಿ ನುಣುಚಿಕೊಂಡಿದ್ದಳು.

ಕುಣಿಗಲಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದಾಗಲೇ ಸಭಾಪಾಲಕ ಜಯಶೀಲ ಅಯ್ಯನವರ ಫೋನು ಬಂತು. ನಲವತ್ತು ದಾಟಿರದ ಮನುಷ್ಯ, ಮೂರು ಸಭೆ ನೋಡಿಕೊಂಡು ಬೈಕಿನಲ್ಲೇ ಬದುಕುವವರು. ಮಾತು ಯಾವಾಗಲೂ ಓಡುತ್ತಲೇ ಇರುತ್ತದೆ.

"ಅಮ್ಮ, ವಂದನೆ. ಭಾನುವಾರದ್ದು ಫಿಕ್ಸ್ ಆಯ್ತು. ಉಜ್ಜೀವನ ಕೂಟದ ಕೊನೇ ದಿನ ಶಶಿಕಲಾ ಸಾಕ್ಷಿ ಹೇಳ್ತಾಳೆ, ದೇವರು ತನ್ನನ್ನ ಹೇಗೆ ಕಾಪಾಡಿದ ಅಂತ ಎಲ್ರ ಮುಂದೆ. ನೀವು ಪಕ್ಕದಲ್ಲಿ ನಿಂತ್ಕೋಬೇಕು. ಅದು ಮುಗಿದ ತಕ್ಷಣ ನಾವು ಐದು ಗಂಟೆ ಪ್ರಾರ್ಥನಾ ಬಳಗ ಶುರು ಮಾಡ್ತೀವಿ. ವಾಟ್ಸಾಪ್ ಗ್ರೂಪು. ಮೂರು ಸಭೆಯವ್ರೂ ಹೆಸರು ಕಳಿಸ್ತಾರೆ. ಲೀಡರ್ ನೀವೇ. ಫ್ಲೆಕ್ಸ್ ಆಗ್ಲೇ ಪ್ರಿಂಟಿಗೆ ಹೋಗಿದೆ, ನಿಮ್ ಫೋಟೋನೂ ಹಾಕ್ಸಿದೀನಿ."

"ಅಯ್ಯನೋರೆ, ನನ್ನದೊಂದು ಮಾತಿತ್ತು..."

"ನಾಳೆ ಬನ್ನಿ ಅಮ್ಮ, ಮಾತಾಡೋಣ. ಸತ್ತೋಗಿದ್ದ ಸಭೆ ಎದ್ದೇಳ್ತಾ ಇದೆ ಅಮ್ಮ! ಎಲ್ಲಾ ನಿಮ್ ಪ್ರಾರ್ಥನೆಯಿಂದ." ಫೋನು ಕಟ್ಟಾಯಿತು.

ಸದಾಶಿವಯ್ಯನದು ಬರೀ ಬಾಯಿ ತಪ್ಪು, ನಾಲ್ಕು ದಿನ ನಾಚಿಕೆಪಟ್ಟು ಮರೆಯಬಹುದು. ಶಶಿಕಲಾಳದು ಹಾಗಲ್ಲ.

ಶಶಿಕಲಾ ಗುಬ್ಬಿಯ ವನಜಮ್ಮನ ಮಗಳು. ಮೂವತ್ತರ ಹತ್ತಿರದವಳು, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಇನ್ನೊಬ್ಬಳ ಜೊತೆ ಹೋದಾಗ ಚರ್ಚಿನವರೇ ಇವಳದೇ ಏನೋ ಇರಬೇಕು ಎಂದು ಗುಸುಗುಸು ಮಾತಾಡಿದ್ದರು. ಅವಳು ಚರ್ಚಿಗೆ ಕಾಲಿಡುವುದನ್ನು ಬಿಟ್ಟಳು. ಮೂರು ವರ್ಷ ಆ ಕಡೆ ತಿರುಗಿಯೂ ನೋಡಲಿಲ್ಲ. ಎಂಟು ತಿಂಗಳ ಹಿಂದೆ ವನಜಮ್ಮ ಮಗಳ ಹೆಸರನ್ನು ದಯಾಮಣಿಯ ಕೈಯಲ್ಲಿ ಬರೆಸಿದಳು. ಮನೆಗೆ ಹೋಗಿ ಮಗಳಿಗೂ ಹೇಳಿದಳು: "ನೀನು ಬಂದ್ರೆ ಬಾ, ಬುಟ್ರೆ ಬುಡು. ದಿನಾ ಐದು ಗಂಟೆಗೆ ಬೈಬಲಮ್ಮ ನಿನ್ ಹೆಸ್ರು ಹೇಳ್ತದೆ." ದಯಾಮಣಿ ಬರೆದುಕೊಂಡದ್ದು ನಿಜ. ಆ ವಾರವೇ ಅವಳು ಮಲಗಿದ್ದು. ಶಶಿಕಲಾಳ ಹೆಸರನ್ನು ಒಂದು ದಿನವೂ ಹೇಳಿರಲಿಲ್ಲ.

ಎರಡು ತಿಂಗಳ ಹಿಂದೆ ಶಶಿಕಲಾ ಇದ್ದಕ್ಕಿದ್ದಂತೆ ಚರ್ಚಿಗೆ ಬಂದಳು. ಆರಾಧನೆ ಮುಗಿದ ಮೇಲೆ ದಯಾಮಣಿಯ ಎರಡೂ ಕೈ ಹಿಡಿದುಕೊಂಡು, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದಳು. ಬೆಳಗಿನ ಶಿಫ್ಟಿನ ಬಸ್ಸು ಐದಕ್ಕೆ ರೈಲ್ವೆ ಗೇಟಿನಲ್ಲಿ ನಿಲ್ಲುತ್ತದೆ. ಪ್ರತಿದಿನ ಅಲ್ಲಿ, ಇಳಿದು ಹಳಿಯ ಮೇಲೆ ನಡೆದುಬಿಡೋಣ ಅನ್ನಿಸುತ್ತಿತ್ತಂತೆ. "ಆಗ ನೆನಪಾಗೋದು ಅಮ್ಮ. ಈಗ, ಇದೇ ಟೈಮಿಗೆ, ಬಟವಾಡೀಲಿ ಒಬ್ರು ನನ್ ಹೆಸ್ರು ಹೇಳ್ತಾವ್ರೆ ಅಂತ. ಹೇಳ್ತಿರೋವಾಗ್ಲೇ ಇಳಿದೋದ್ರೆ ಅವ್ರ ಮುಖಕ್ಕೆ ಹೊಡ್ದಂಗಲ್ವಾ ಅಂತ ಸೀಟಲ್ಲೇ ಕುಂತಿರ್ತಿದ್ದೆ." ಆ ಕ್ಷಣದಲ್ಲಾದರೂ ದಯಾಮಣಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಲೆಯಾಡಿಸಿ, "ದೇವರಿಗೆ ಸ್ತೋತ್ರ," ಅಂದಳು.

ಅಂದಿನಿಂದ ಆ ಸ್ತೋತ್ರ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು. ಸಾಲದ್ದಕ್ಕೆ ಐದು ಗಂಟೆಯ ಪ್ರಾರ್ಥನೆಯ ಹೆಸರು ಬೆಳೆಯುತ್ತಿತ್ತು. ಶಿಫ್ಟ್ ಬಸ್ಸಿನಲ್ಲಿ ಪಕ್ಕ ಕೂರುವ ಐಮನ್ ಎಂಬ ಹುಡುಗಿ ಕೂಡ, "ನಮ್ ಅಮ್ಮೀದು ಶುಗರ್ ಜಾಸ್ತಿ ಆಗಿದೆ, ಅವರ ಹೆಸರೂ ಹೇಳಿಸು," ಎಂದು ಶಶಿಕಲಾಳ ಕೈಲಿ ಹೇಳಿ ಕಳಿಸಿದ್ದಳು. ಈಗ ವಾಟ್ಸಾಪ್ ಗ್ರೂಪು ಬೇರೆ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ದಯಾಮಣಿ ಹಟ ಹಿಡಿದು ಎದ್ದಳು. ಇಂದಿನಿಂದಲೇ ಶುರು ಮಾಡಿಬಿಟ್ಟರೆ ಯಾರಿಗೆ ಏನು ಗೊತ್ತಾಗುತ್ತದೆ? ಇವತ್ತಿನಿಂದ ಹೇಳುವುದು ಸತ್ಯವೇ ತಾನೆ? ಚಾಪೆ ಹಾಸಿದಳು, ಮಂಡಿಯ ಕೆಳಗೆ ದಿಂಬಿಟ್ಟಳು, ಪುಟ ತೆರೆದಳು. "ಕರ್ತನೇ, ಶಶಿಕಲಾ..." ಅಂದಳು. ಮುಂದೆ ಬರಲಿಲ್ಲ. ಒಡೆದ ಪಾತ್ರೆಯನ್ನು ಬಿರುಕು ಕಾಣದಂತೆ ಗೋಡೆಗೆ ತಿರುಗಿಸಿಡುತ್ತಿದ್ದೇನೆ, ಅಷ್ಟೆ, ಅನ್ನಿಸಿತು. ಮನೆಮನೆಯಲ್ಲಿ ಹೊಳೆಯಂತೆ ಹರಿಯುವ ಬಾಯಿ ಇಲ್ಲಿ ಒಣಗಿಹೋಯಿತು. ಹತ್ತು ನಿಮಿಷ ಹಾಗೇ ಇದ್ದು, ಗೋಡೆ ಹಿಡಿದು ಎದ್ದು, ಒಲೆಯ ಮೇಲೆ ನೀರಿಟ್ಟಳು.

ಹತ್ತು ಗಂಟೆಗೆ ಚರ್ಚಿನ ಆಫೀಸಿಗೆ ಹೋದಳು. ಜಯಶೀಲ ಅಯ್ಯನವರು ಪ್ಲಾಸ್ಟಿಕ್ ಕುರ್ಚಿ ಬಾಡಿಗೆಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದರು. ಪ್ರಿಂಟಾಗಿ ಬಂದ ಫ್ಲೆಕ್ಸನ್ನು ನೆಲದ ಮೇಲೆ ಹಾಸಿದ್ದರು. ಅದರಲ್ಲಿ ದಯಾಮಣಿ ಮೂರಡಿ ಎತ್ತರಕ್ಕೆ ನಗುತ್ತಿದ್ದಳು. ಕೆಳಗೆ, 'ಬೈಬಲ್ ಅಮ್ಮನವರ ನೇತೃತ್ವದಲ್ಲಿ' ಎಂದು ಬರೆದಿತ್ತು.

ಅವಳು ಕೂರದೆಯೇ ಹೇಳಿದಳು. "ಅಯ್ಯನೋರೆ, ಎಂಟು ತಿಂಗ್ಳಿಂದ ನಾನು ಬೆಳಗಿನ ಪ್ರಾರ್ಥನೆ ಮಾಡ್ತಿಲ್ಲ. ಶಶಿಕಲಾ ಹೆಸ್ರು ಒಂದು ದಿನಾನೂ ಹೇಳಿಲ್ಲ."

ಅವರು ಫೋನು ಕೆಳಗಿಟ್ಟರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಓಡುತ್ತಿದ್ದ ಮಾತು ಮೊದಲ ಸಲ ನಿಂತಿತು.

"ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಹೇಳ್ಬೇಡಿ," ಅಂದರು. ಆಮೇಲೆ ತಮ್ಮ ಮಾತಿಗೆ ತಾವೇ ನಾಚಿಕೊಂಡವರಂತೆ ತಗ್ಗಿದ ದನಿಯಲ್ಲಿ, "ನಾನೂ ಎಷ್ಟೋ ಸಲ ಹಳೇ ಬೋಧನೇನೇ ಹೇಳ್ತೀನಿ ಅಮ್ಮ. ಗುಬ್ಬೀಲಿ ಹೇಳಿದ್ದನ್ನೇ ಕುಣಿಗಲಲ್ಲಿ. ಮಧ್ಯೆ ಬೈಕಲ್ಲಿ ಹೋಗ್ತಾ ಪೆಟ್ರೋಲ್ ಬಗ್ಗೆ ಯೋಚ್ನೆ ಮಾಡ್ತೀನಿ. ದೇವರು ಏನೋ ಮಾಡ್ತಾನೆ. ಆ ಹುಡುಗಿ ಬದುಕಿದಾಳೆ, ಚರ್ಚಿಗೆ ಬರ್ತಿದಾಳೆ. ಈಗ ಅವಳ ಕಾಲ ಕೆಳಗಿನ ನೆಲ ತೆಗೆದ್ರೆ? ಆ ಗೇಟಿನ ವಿಷ್ಯ ಸಾಕ್ಷಿಗೆ ಅಂತ ನಂಗೂ ಹೇಳಿದಾಳೆ. ಸೋಮವಾರ ಬೆಳಗ್ಗೆ ಅಲ್ಲಿ ಬಸ್ ನಿಂತಾಗ? ಯೋಚ್ನೆ ಮಾಡಿ," ಅಂದರು.

ಅವಳನ್ನು ತಿನ್ನುತ್ತಿದ್ದದ್ದೂ ಅದೇ. ಹೇಳಿದರೆ ಆ ಹುಡುಗಿ ಸೀಟಿನಿಂದ ಏಳಬಹುದು. ಹೇಳದಿದ್ದರೆ ಭಾನುವಾರ ಮುನ್ನೂರು ಜನರೆದುರು ಅವಳ ಪಕ್ಕ ನಿಂತು ಸುಳ್ಳಿಗೆ ತಲೆಯಾಡಿಸಬೇಕು. ಆಮೇಲೆ ಮೂರು ಊರಿನ ಕಷ್ಟಗಳೆಲ್ಲ ಫೋನಿಗೆ ಬಂದು ಬೀಳುತ್ತವೆ, ಅವಕ್ಕೂ ತಲೆಯಾಡಿಸಬೇಕು. ಎಷ್ಟು ಜನ ಎಷ್ಟು ಗೇಟುಗಳಲ್ಲಿ ಕೂತಿರುತ್ತಾರೋ, ಖಾಲಿ ಚಾಪೆಯನ್ನು ನಂಬಿಕೊಂಡು! ಆ ರಾತ್ರಿ ಅವಳು ಮುದ್ದೆ ಮುರಿಯಲೂ ಇಲ್ಲ.

ಶನಿವಾರ ಮಧ್ಯಾಹ್ನ ಗುಬ್ಬಿಗೆ ಹೊರಟಳು. ಬಿಸಿಲು ಆಗಲೇ ಬೇಸಿಗೆಯದಾಗಿತ್ತು. ವನಜಮ್ಮ ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಬೈಬಲಮ್ಮನನ್ನು ಕಂಡು ಎದ್ದೇ ನಿಂತಳು.

"ಬನ್ನಿ ಬನ್ನಿ, ನಾಳೆಗೆ ಸೀರೆ ಯಾವ್ದು ಅಂತ ಕೇಳೋಣ ಅಂತಿದ್ದೆ. ಶಶೀ, ಯಾರ್ ಬಂದವ್ರೆ ನೋಡೇ! ಇವ್ಳು ಆಗ್ಲಿಂದ ಸಾಕ್ಷಿ ಬರ್ಕೊಂಡು ಬರ್ಕೊಂಡು ಹರಿದಾಕ್ತಾವ್ಳೆ."

ಶಶಿಕಲಾ ಶಿಫ್ಟ್ ಮುಗಿಸಿ ಬಂದು ತಲೆಗೆ ಸ್ನಾನ ಮಾಡಿದ್ದಳು. ಟವೆಲ್ಲು ಸುತ್ತಿಕೊಂಡೇ ಹೊರಗೆ ಬಂದು ನಕ್ಕಳು. ಆ ನಗು ನೋಡಿ ದಯಾಮಣಿಗೆ ತಿರುಗಿ ಹೋಗಿಬಿಡೋಣ ಅನ್ನಿಸಿತು. ಕೂತರೆ ಏಳಲಾಗುವುದಿಲ್ಲ ಎಂದು ನಿಂತೇ ಇದ್ದಳು.

"ಶಶಿ, ನಾನು ನಿನ್ ಹೆಸ್ರು ಹೇಳ್ಲಿಲ್ಲ ಕಣಮ್ಮ."

"ಇವತ್ತಾ? ಹೋಗ್ಲಿ ಬಿಡಿ, ಮಂಡಿ ನೋವಿರುತ್ತೆ..."

"ಇವತ್ತಲ್ಲ. ಯಾವತ್ತೂ ಹೇಳ್ಲಿಲ್ಲ."

ವನಜಮ್ಮನ ಕೈಯಲ್ಲಿದ್ದ ಕಲ್ಲು ನಿಂತಿತು. ಶಶಿಕಲಾಳ ಮುಖದ ಮೇಲೆ ನಗು ಇನ್ನೂ ಇತ್ತು, ಅದಕ್ಕೆ ಹೋಗುವುದು ಗೊತ್ತಾಗದೆ ಉಳಿದುಕೊಂಡಿತ್ತು. ದಯಾಮಣಿ ಎಲ್ಲವನ್ನೂ ಹೇಳಿದಳು. ಆಷಾಢ, ಮಂಡಿ, ನಾಳೆ ನಾಡಿದ್ದು, ಬರೆದುಕೊಂಡು ತೆರೆಯದೆ ಇಟ್ಟದ್ದು. ಒಂದನ್ನೂ ಸಿಂಗರಿಸಲಿಲ್ಲ.

"ಒಂದಿನಾನೂ ಇಲ್ವಾ?" ಎಂದಳು ಶಶಿಕಲಾ.

"ಒಂದಿನಾನೂ ಇಲ್ಲ."

"ಮತ್ತೆ ಅವತ್ತು ನಾನು ಕೈ ಹಿಡ್ಕೊಂಡು ಹೇಳ್ದಾಗ?"

"ಹೇಳೋಕೆ ಬಾಯಿ ಬರ್ಲಿಲ್ಲ."

"ಮನೆಮನೇಲಿ ಚೆನ್ನಾಗೇ ಬರುತ್ತಲ್ಲ ನಿಮ್ಗೆ ಬಾಯಿ," ಎಂದು ಶಶಿಕಲಾ ಒಳಗೆ ಹೋದಳು. ಬಾಗಿಲನ್ನು ದಡಾರನೆ ಹಾಕಿಕೊಳ್ಳಲಿಲ್ಲ. ಮೆಲ್ಲಗೆ ಹಾಕಿಕೊಂಡಳು. ದಯಾಮಣಿಗೆ ಅದಕ್ಕೇ ಹೆಚ್ಚು ಭಯವಾಯಿತು.

ವನಜಮ್ಮ ಎದ್ದು ಬಂದು ಎದುರು ನಿಂತಳು. ಹುಣಸೆಯ ಅಂಟು ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಳ್ಳಲೂ ಇಲ್ಲ. "ಯಾಕಮ್ಮ ಹೇಳಕ್ ಬಂದ್ರಿ? ಸುಮ್ನಿದ್ದಿದ್ರೆ ಏನಾಗ್ತಿತ್ತು ನಿಮ್ಗೆ? ನಿಮ್ ಮನಸ್ಸು ಹಗುರ ಮಾಡ್ಕೊಳಕ್ಕೆ ನನ್ ಮಗಳ ತಲೆ ಮ್ಯಾಲೆ ತಂದಾಕಿದ್ರಾ? ದೇವ್ರ ಕೆಲ್ಸ ಮಾಡೋರಂತೆ! ನಡೀರಿ, ನಡೀರಿ ಮೊದ್ಲು."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಒಂದು ಮನೆಯಿಂದ ಕಾಫಿ ಇಲ್ಲದೆ, ಪ್ರಾರ್ಥನೆ ಇಲ್ಲದೆ ಹೊರಬಿದ್ದಳು. ವನಜಮ್ಮನ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಹಗುರ ಮಾಡಿಕೊಳ್ಳಲೇ ಬಂದಿದ್ದೇನೋ ಏನೋ. ಹಗುರವಂತೂ ಆಗಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಳು. ತುಮಕೂರಿನ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಆ ಮುಚ್ಚಿದ ಬಾಗಿಲನ್ನು ಬಿಟ್ಟು ಹೋಗುವುದು ಹೇಗೆ? ಮತ್ತೆ ಹೋಗಿ ತಟ್ಟುವುದಕ್ಕೂ ಮುಖವಿಲ್ಲ. ಪ್ರಾರ್ಥನೆ ಮಾಡೋಣವೆಂದರೆ ಅದೂ ಬರಲಿಲ್ಲ. ತನ್ನನ್ನು ತಾನೇ ಶಪಿಸಿಕೊಂಡಳು. ಸತ್ಯವಂತೆ ಸತ್ಯ, ಯಾರು ಕೇಳಿದ್ದರು ಈ ಸತ್ಯವನ್ನು! ಮೂರು ಸಲ ಫೋನು ಮಾಡಿದಳು, ಶಶಿಕಲಾ ಎತ್ತಲಿಲ್ಲ. ನಾಲ್ಕನೆಯ ಸಲ ಸ್ವಿಚ್ ಆಫ್ ಎಂದು ಬಂತು. ನಾಚಿಕೆ ಬಿಟ್ಟು ವನಜಮ್ಮನಿಗೇ ಫೋನು ಹಚ್ಚಿದಳು.

"ಗಾಡಿ ತಗೊಂಡು ಎತ್ಲಾಗೋ ಹೋದ್ಳು," ಎಂದು ವನಜಮ್ಮ ಅಳುತ್ತಿದ್ದಳು. "ಅವ್ಳಿಗೇನಾದ್ರೂ ಆಗ್ಲಿ, ನಿಮ್ಮನ್ನ ನಾನು ಬುಡಲ್ಲ."

ದಯಾಮಣಿ ಎದ್ದು ಆಟೋಗಳ ಕಡೆ ಓಡಿದಳು. ಓಡಿದಳು ಎಂದರೆ ಆ ಮಂಡಿಯಲ್ಲಿ ಎಷ್ಟು ಆಗುತ್ತದೋ ಅಷ್ಟು. ರೈಲ್ವೆ ಗೇಟಿಗೆ ಹೋಗಬೇಕೆಂದು ಆಟೋದವನಿಗೆ ಹೇಳುತ್ತಿದ್ದಾಗ ಹಿಂದಿನಿಂದ ಹಾರ್ನ್ ಕೇಳಿತು. ಸ್ಕೂಟರಿನ ಮೇಲೆ ಶಶಿಕಲಾ. ಒದ್ದೆ ಕೂದಲು ಗಾಳಿಗೆ ಹರಡಿ ಒಣಗಿತ್ತು, ಕಣ್ಣು ಕೆಂಪಾಗಿತ್ತು.

"ಎಲ್ಲಿಗೆ ಹೋಗ್ತಿದೀರಾ?"

"ನಿನ್ನ ಹುಡ್ಕೊಂಡು, ಗೇಟಿನ ಹತ್ರ..."

"ನಾನೂ ಅಲ್ಲಿಗೇ ಹೋಗಿದ್ದೆ," ಎಂದಳು ಶಶಿಕಲಾ. ಗಾಡಿ ಸ್ಟ್ಯಾಂಡ್ ಹಾಕಿ, ಬೆಂಚಿನ ಆ ತುದಿಯಲ್ಲಿ ಕೂತಳು. ದಯಾಮಣಿ ಈ ತುದಿಯಲ್ಲಿ ಕುಸಿದಳು. "ಗೇಟ್ ಹಾಕಿತ್ತು. ಗಾಡಿ ಆಫ್ ಮಾಡ್ಕೊಂಡು ನಿಂತೆ. ಈಗ ಎಲ್ಲೂ ಯಾರೂ ನನ್ ಹೆಸ್ರು ಹೇಳ್ತಿಲ್ಲ ಅಂತ ಗೊತ್ತಿತ್ತು. ಏನಾಗುತ್ತೋ ನೋಡೇಬಿಡೋಣ ಅಂತ ನಿಂತಿದ್ದೆ. ರೈಲು ಹೋಯ್ತು. ಗೇಟ್ ತೆಗೆದ್ರು. ಹಿಂದೆ ಟ್ರಾಕ್ಟರ್‌ನವ್ನು, ಏನಮ್ಮ ನಿದ್ದೆ ಮಾಡ್ತಿದೀಯಾ ಅಂತ ಬೈದ. ಗಾಡಿ ಸ್ಟಾರ್ಟ್ ಮಾಡ್ಕೊಂಡು ಬಂದೆ."

ದಯಾಮಣಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಿಟ್ಟು ಹೋಗಿಲ್ಲ ನಿಮ್ ಮೇಲೆ," ಎಂದಳು ಶಶಿಕಲಾ. "ಈಗ್ಲೇ ಹೋಗಲ್ಲ."

"ಹೋಗೋದು ಬೇಡ ಬಿಡಮ್ಮ."

ಶಶಿಕಲಾ ಫೋನು ಆನ್ ಮಾಡಿ ತಾಯಿಗೆ, "ಬರ್ತೀನಿ, ಅಳ್ಬೇಡ," ಎಂದು ಹೇಳಿ ಇಟ್ಟಳು. ಆಮೇಲೆ ದಯಾಮಣಿಯ ಕಡೆ ತಿರುಗದೆಯೇ ಕೇಳಿದಳು.

"ಎಂಟು ತಿಂಗ್ಳು ಐದು ಗಂಟೆಗೆ ಏನ್ ಮಾಡ್ತಿದ್ರಿ? ನಿದ್ದೆನಾ?"

"ನಿದ್ದೆ ಎ‌ಲ್ಲಿ ಬರುತ್ತೆ. ಎಚ್ಚರ ಆಗೋದು. ಗೋಡೆ ಕಡೆ ತಿರುಗ್ಕೊಂಡು ಮಲಗಿರ್ತಿದ್ದೆ. ಆರೂವರೆ ಆಗೋವರ್ಗೂ."

"ದಿನಾನಾ?"

"ದಿನಾ."

ಶಶಿಕಲಾ ಈಗ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅದೇ ಹೊತ್ತಿನಲ್ಲಿ ಸೀಟಿಗೆ ಅಂಟಿ ಕೂತವಳಿಗೆ, ಗೋಡೆಗೆ ತಿರುಗಿ ಮಲಗಿದವಳ ಪಾಡನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾಳೆ ಸಾಕ್ಷಿ ಹೇಳ್ತೀನಿ," ಎಂದಳು. "ಇದ್ದದ್ದು ಇದ್ದಂಗೆ ಹೇಳ್ತೀನಿ. ಇವತ್ತಿಂದೂ ಸೇರಿಸಿ. ನೀವು ಪಕ್ಕದಲ್ಲಿ ನಿಂತ್ಕೋಬೇಕು, ಓಡೋಗೋ ಹಾಗಿಲ್ಲ."

ಮುನ್ನೂರು ಜನ, ಮೂರಡಿಯ ಫ್ಲೆಕ್ಸು, ಅಯ್ಯನವರ ಮುಖ. ದಯಾಮಣಿ ಅವಳ ಕಡೆ ತಿರುಗಿದಳು. "ನಿಂತ್ಕೋತೀನಿ."

ಅರಸೀಕೆರೆಯ ಕಡೆಯಿಂದ ಬಸ್ಸು ಬಂತು. ಕಂಡಕ್ಟರು ತುಮ್ಕೂರ್ ತುಮ್ಕೂರ್ ಎಂದು ಕೂಗಿದ. ದಯಾಮಣಿ ಮಂಡಿ ಒತ್ತಿಕೊಂಡು ಎದ್ದು ಬಾಗಿಲಿನ ಹತ್ತಿರ ಹೋದಳು. ಶಶಿಕಲಾ ಹಿಂದೆಯೇ ಬಂದಳು.

"ಅಮ್ಮ, ನಿಮ್ ಹೆಸ್ರೇನು?"

"ಏನಂದೆ?"

"ನಿಮ್ ಹೆಸ್ರು. ಬೈಬಲಮ್ಮ, ಬೈಬಲಮ್ಮ ಅಂತ್ಲೇ ಗೊತ್ತು ನಂಗೆ. ನಮ್ಮಮ್ಮಂಗೂ ಗೊತ್ತಿಲ್ಲ. ಸೋಮವಾರ ಐದಕ್ಕೆ ಗೇಟಲ್ಲಿ ಬಸ್ ನಿಂತಾಗ ಬೇಕು. ಏನಂತ ಹೇಳ್ಲಿ ದೇವ್ರಿಗೆ?"

"ದಯಾಮಣಿ," ಎಂದಳು. ತನ್ನ ಬಾಯಿಂದ ತನ್ನ ಹೆಸರು ಹೊರಬಂದು ಎಷ್ಟು ಕಾಲವಾಗಿತ್ತೋ, ಆಧಾರ್ ಕಾರ್ಡಿನಲ್ಲಿರುವ ಬೇರೆ ಯಾರದೋ ಹೆಸರು ಹೇಳಿದಂತಾಯಿತು.

"ದಯಾಮಣಿ," ಎಂದು ಶಶಿಕಲಾ ಒಮ್ಮೆ ಹೇಳಿ ನೋಡಿದಳು. "ಸರಿ. ಏನಂತ ಕೇಳ್ಬೇಕು?"

"ಹತ್ರಮ್ಮ, ಹತ್ರಿ, ಎಷ್ಟೊತ್ತು!" ಎಂದು ಕಂಡಕ್ಟರು ರೇಗಿದ. ದಯಾಮಣಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನಿಂತಿದ್ದಳು. ಮಂಡಿ ಎನ್ನಲೇ? ಕ್ಷಮಿಸು ಎನ್ನಲೇ? ಎಂಟು ತಿಂಗಳಿಂದ ಹುಡುಕಿದರೂ ಸಿಗದಿದ್ದದ್ದು ಆಗ ನಾಲಿಗೆಗೆ ಬಂತು.

"ಸುಸ್ತಾಗೋಗಿದೆ ಅಂತ ಹೇಳು ಕಣಮ್ಮ. ತುಂಬಾ ಸುಸ್ತಾಗೋಗಿದೆ ಅಂತ."

ಶಶಿಕಲಾ ತಲೆಯಾಡಿಸಿದಳು. ಬಸ್ಸು ಹೊರಟಿತು. ಸೀಟು ಸಿಗಲಿಲ್ಲ. ದಯಾಮಣಿ ಕಂಬಿ ಹಿಡಿದು ನಿಂತು, ಸುತ್ತ ಯಾರು ನೋಡುತ್ತಾರೆ ಎಂಬುದನ್ನೂ ಬಿಟ್ಟು, ಮಲ್ಲಸಂದ್ರ ದಾಟುವವರೆಗೂ ಅತ್ತಳು.